ಗವುಸಿನ ಸಿದ್ದಲಿಂಗಮ್ಮ ಮತ್ತು ಗುರುವಾರದ ಸುದ್ದಿ

ಕೆ.ಆರ್. ನಗರದ ನಮ್ಮ ಬೀದಿಯಲ್ಲಿ ಗವುಸಿಲ್ಲದ ಸಾಮಾನು ಹುಡುಕಿದರೂ ಸಿಗುತ್ತಿರಲಿಲ್ಲ. ಟಿ.ವಿ.ಗೆ ಗವುಸು, ಮಿಕ್ಸಿಗೆ ಗವುಸು, ಗ್ಯಾಸ್ ಸಿಲಿಂಡರಿಗೆ ನೆರಿಗೆ ಹಿಡಿದ ಲಂಗದಂಥ ಗವುಸು. ನಮ್ಮ ಮನೆಯ ಫೋನಿಗೂ ಒಂದು ಟೋಪಿ ಇತ್ತು. ರಿಂಗಾದರೆ ಮೊದಲು ಟೋಪಿ ತೆಗೆದು, ಆಮೇಲೆ ರಿಸೀವರ್ ಎತ್ತಿ ಹಲೋ ಅನ್ನುವಷ್ಟರಲ್ಲಿ ಆ ಕಡೆಯವರು ಬೇಸತ್ತು ಇಟ್ಟುಬಿಟ್ಟಿರುತ್ತಿದ್ದರು. ಇದಕ್ಕೆಲ್ಲ ಕಾರಣ ಪಕ್ಕದ ಮನೆಯ ಸಿದ್ದಲಿಂಗಮ್ಮ. ಊರಿನವರು ಅವರನ್ನು ಗವುಸಿನ ಸಿದ್ದಲಿಂಗಮ್ಮ ಎಂದೇ ಕರೆಯುತ್ತಿದ್ದರು.

ಅವರು ಹುಟ್ಟಿದ್ದು ಚುಂಚನಕಟ್ಟೆಯ ಕಡೆ, ಗದ್ದೆ ಬಯಲಿನ ಒಂದು ಹಳ್ಳಿಯಲ್ಲಿ. ಹದಿನಾರಕ್ಕೆ ಸ್ವಂತ ಸೋದರಮಾವ ಮಹದೇವಪ್ಪನಿಗೆ ಕೊಟ್ಟು ಮದುವೆ ಮಾಡಿದರು. ಮಹದೇವಪ್ಪ ಇಲ್ಲಿನ ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿಯಾಗಿದ್ದ. ಮಗಳು ಸುಧಾಳಿಗೆ ಒಂಬತ್ತು ತುಂಬುವ ಮೊದಲೇ ಅವನು ಎದೆನೋವೆಂದು ಮಲಗಿದವನು ಏಳಲಿಲ್ಲ. ಸಿದ್ದಲಿಂಗಮ್ಮ ಅತ್ತದ್ದು ಎಷ್ಟು ದಿನವೋ, ನಾನಾಗ ಈ ಬೀದಿಗೆ ಬಂದಿರಲಿಲ್ಲ. ನಾನು ಬರುವ ಹೊತ್ತಿಗೆ ಅವರು ಹೊಲಿಗೆ ಯಂತ್ರದ ಮುಂದೆ ಕೂತಿದ್ದರು, ಆಮೇಲೂ ಅಲ್ಲೇ ಕೂತಿದ್ದರು.

ಅವರ ಕೈಯ ರವಿಕೆ ಮಾತ್ರ ದೇವರಿಗೇ ಪ್ರೀತಿ. ಒಂದು ತೋಳು ಮೈಸೂರಿನ ಕಡೆಗೆ ನಡೆದರೆ ಇನ್ನೊಂದು ಹಾಸನದ ಕಡೆಗೆ ಹೊರಡುತ್ತಿತ್ತು. ಅದು ಅವರಿಗೂ ಗೊತ್ತಿತ್ತು. "ಅದ್ಕೇ ನಾನು ಗವುಸು ಇಡ್ಕೊಂಡಿದ್ದು ಕಣ್ರೀ ಮೇಷ್ಟ್ರೇ. ಮಿಕ್ಸಿ ಯಾವತ್ತೂ ಕಂಕುಳತಾವು ಬಿಗಿ ಆಯ್ತು ಅನ್ನಕ್ಕಿಲ್ಲ," ಎಂದು ತಾವೇ ನಗುತ್ತಿದ್ದರು.

ಮೇಷ್ಟ್ರು ಅಂದರೆ ನಾನು, ನಟರಾಜು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಶಾಲೆಯ ಕಂಪ್ಯೂಟರ್ ಕೋಣೆಯ ಬೀಗದ ಕೈ ನನ್ನ ಸೊಂಟದಲ್ಲಿ ಇರುತ್ತಿದ್ದುದರಿಂದ ಕಂಪ್ಯೂಟರೂ ನನಗೆ ಗೊತ್ತು ಎಂದು ಊರು ನಂಬಿತ್ತು. ನಾನೂ ನಂಬಿದ್ದೆ. ತಾಳ್ಮೆಯೊಂದು ಬಿಟ್ಟು ಮಿಕ್ಕಿದ್ದೆಲ್ಲ ನನಗೆ ಇದೆ ಎಂದು ನನ್ನ ಹೆಂಡತಿ ರಮ್ಯಾ ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಸುಧಾಳಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಎರಡು ವರ್ಷವಾದರೂ ಕೂಗಿದರೆ ತಿರುಗದಿದ್ದಾಗ ಮೈಸೂರಿಗೆ ಕರೆದುಕೊಂಡು ಹೋದರು. ಡಾಕ್ಟರು ಮಹದೇವಪ್ಪನನ್ನು ಮಾತ್ರ ಒಳಗೆ ಕರೆದು ವಿಷಯ ಹೇಳಿದರು. ರಕ್ತ ಸಂಬಂಧದಲ್ಲಿ ಮದುವೆಯಾದರೆ ಹೀಗಾಗುವುದುಂಟು ಎಂದೂ ಹೇಳಿದರು. ಅವನು ಅದನ್ನು ವಾಪಸು ಬರುವ ಬಸ್ಸಿನಲ್ಲಿ, ಕಂಡಕ್ಟರು ಚಿಲ್ಲರೆ ಕೇಳುತ್ತ ನಿಂತಿದ್ದಾಗ, ಹೆಂಡತಿಗೆ ಹೇಳಿದ. ಸಿದ್ದಲಿಂಗಮ್ಮ ಮೂವತ್ತು ವರ್ಷವಾದರೂ ಆ ಬಸ್ಸನ್ನು ಕ್ಷಮಿಸಿರಲಿಲ್ಲ.

ತಾಯಿ ಮಗಳು ತಮ್ಮದೇ ಒಂದು ಕೈಮಾತು ಕಟ್ಟಿಕೊಂಡರು. ಮೈಸೂರಿನ ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಸುಧಾ ಬೇರೆ ಕೈಮಾತು ಕಲಿತಳು, ಓದು ಬರಹ ಕಲಿತಳು, ಆದರೆ ಮನೆಗೆ ಬಂದರೆ ಮನೆಯದೇ ಮಾತು. ತಲೆಗೆ ಎಣ್ಣೆ ತಿಕ್ಕಿದರೆ ಭಾನುವಾರ. ಎದೆಯ ಜೇಬು ತಟ್ಟಿದರೆ ಅಪ್ಪ. ಎರಡೂ ಕೈ ಮೇಲಿಂದ ಧುಮುಕಿಸಿದರೆ ಜಲಪಾತವಿರುವ ಚುಂಚನಕಟ್ಟೆ. ಬೆರಳಿನಿಂದ ಮೂಗಿನ ತುದಿ ಮುಟ್ಟಿದರೆ ಯಾರೆಂದು ನನಗೆ ಬಹಳ ದಿನ ತಿಳಿಯಲಿಲ್ಲ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವನು ನಾನೇ ಎಂದು ರಮ್ಯಾ ಬಿಡಿಸಿ ಹೇಳಿದ ಮೇಲೆ ಒಂದು ವಾರ ಆ ಮನೆಗೆ ಹೋಗಲಿಲ್ಲ.

ಇಪ್ಪತ್ತಾರನೆಯ ವಯಸ್ಸಿಗೆ ಸುಧಾ ತನ್ನಂತೆಯೇ ಕಿವಿ ಕೇಳದ ಶಶಿಕುಮಾರನನ್ನು ಮದುವೆಯಾಗಿ ಪುಣೆಗೆ ಹೋದಳು. ಒಳ್ಳೆಯ ಹುಡುಗ, ಒಂದು ಕಾರ್ಖಾನೆಯಲ್ಲಿ ಕೆಲಸ. ಹೋದ ಮೇಲೆ ಗೊತ್ತಾದದ್ದು, ಬೇರೆ ತಾಯಂದಿರು ಮಗಳ ಜೊತೆ ಫೋನಿನಲ್ಲಿ ಮಾತಾಡುತ್ತಾರೆ, ಇವರಿಗೆ ಅದೂ ಇಲ್ಲ ಎಂದು. ಸುಧಾ ಕಾಗದ ಬರೆಯುತ್ತಿದ್ದಳು, ನನ್ನ ಮೊಬೈಲಿಗೆ ಮೆಸೇಜು ಕಳಿಸುತ್ತಿದ್ದಳು. ಓದು ಬಾರದ ಸಿದ್ದಲಿಂಗಮ್ಮನಿಗೆ ನಾನು ಓದಿ ಹೇಳುತ್ತಿದ್ದೆ. ಅವರು ಕೇಳಿಸಿಕೊಂಡು, "ಇದು ನಿಮ್ ಮಾತಿನಂಗದೆ, ಅವಳ್ದಲ್ಲ," ಎಂದು ಎದ್ದು ಹೋಗುತ್ತಿದ್ದರು. ನನಗೆ ಉರಿದುಹೋಗುತ್ತಿತ್ತು. ಓದಿದ್ದಕ್ಕೆ ಒಂದು ಕೃತಜ್ಞತೆ ಬೇಡವೇ!

ಎರಡು ಸಾವಿರದ ಎಂಟರಲ್ಲಿ ಶಶಿಕುಮಾರನೇ ದಾರಿ ಹುಡುಕಿದ. ಅವನ ಕಾರ್ಖಾನೆಯವರು ಹಳೆಯ ಲ್ಯಾಪ್‌ಟಾಪುಗಳನ್ನು ಮಾರಿದಾಗ ಎರಡು ತೆಗೆದುಕೊಂಡು, ಒಂದನ್ನು ಕ್ಲಿಪ್ಪಿನ ಕ್ಯಾಮೆರಾ ಸಮೇತ ಅತ್ತೆಗೆ ತಂದುಕೊಟ್ಟ. ಅತ್ತೆಯ ಮನೆಯಲ್ಲಿ ಫೋನಿನ ತಂತಿಯಿಲ್ಲ, ನಮ್ಮ ಮನೆಯಲ್ಲಿತ್ತು. ಹಾಗಾಗಿ ಬ್ರಾಡ್‌ಬ್ಯಾಂಡ್ ನಮ್ಮ ಫೋನಿಗೇ ಬಂತು. ವೈಫೈ ಡಬ್ಬ ನಡುಗೋಡೆಯ ನಮ್ಮ ಕಡೆ, ಲ್ಯಾಪ್‌ಟಾಪು ಅವರ ಕಡೆ. ತಂತಿಯಿಂದಲೇ ಜೋಡಿಸೋಣವೆಂದರೆ ಆ ಯಂತ್ರದಲ್ಲಿ ತಂತಿ ಸಿಕ್ಕಿಸುವ ಜಾಗ ಮೊದಲೇ ಮುರಿದುಹೋಗಿತ್ತು. ವೈಫೈ ಒಂದೇ ಗತಿ.

ಭಾನುವಾರ ಮತ್ತು ಗುರುವಾರ ಸಂಜೆ ಆರಕ್ಕೆ ಮಗಳು ತೆರೆಯ ಮೇಲೆ ಬರುತ್ತಿದ್ದಳು. ಯಂತ್ರ ನಡೆಸಲು ನಾನು ಪಕ್ಕದಲ್ಲಿ ಇರಲೇಬೇಕು. ಚಿತ್ರ ತಡೆತಡೆದು ಬರುತ್ತಿತ್ತು, ಬೇಗ ಕೈಯಾಡಿಸಿದರೆ ಬೆರಳುಗಳೆಲ್ಲ ಕಲಸಿಕೊಳ್ಳುತ್ತಿದ್ದವು. ಅದಕ್ಕೆ ಇಬ್ಬರೂ ನಿಧಾನವಾಗಿ ಮಾತಾಡುವುದನ್ನು ಕಲಿತರು. ಸಿದ್ದಲಿಂಗಮ್ಮ ಹೂವಿನ ಸೀರೆ ಬದಲಿಸಿ, ಕೈ ಎದ್ದು ಕಾಣಲೆಂದು ಒಂದು ಬರಿಯ ನೀಲಿ ಸೀರೆ ಉಟ್ಟು ಕೂರುತ್ತಿದ್ದರು. ಅರ್ಧ ಗಂಟೆ ಆ ಕೋಣೆಯಲ್ಲಿ ಬಳೆಯ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಹೇಳಬಾರದು, ಆ ಅರ್ಧ ಗಂಟೆಗೆ ನಾನೂ ಕಾಯುತ್ತಿದ್ದೆ.

ಮರುವರ್ಷ ಸುಧಾಳಿಗೆ ಹೆಣ್ಣು ಕೂಸಾಯಿತು. ಬಿ.ಪಿ. ಇದೆ, ಪ್ರಯಾಣ ಬೇಡ ಎಂದಿದ್ದರಿಂದ ಹೆರಿಗೆ ಪುಣೆಯಲ್ಲೇ ಆಯಿತು. ಸಿದ್ದಲಿಂಗಮ್ಮ ಹೋಗಿ ಒಂದು ತಿಂಗಳು ಬಾಣಂತನ ಮಾಡಿ ಬಂದರು. ಬಂದವರು ಮೊದಲಿನಂತಿರಲಿಲ್ಲ. ಹೊಲಿಗೆ ಯಂತ್ರದ ಮುಂದೆ ಕೂತವರು ಎಷ್ಟೋ ಹೊತ್ತು ಕಾಲು ತುಳಿಯುತ್ತಿರಲಿಲ್ಲ.

ಕೂಸಿಗೆ ನಾಲ್ಕು ತಿಂಗಳಾದಾಗ ಅಲ್ಲಿನ ಆಸ್ಪತ್ರೆಯವರು ಕಿವಿ ಪರೀಕ್ಷೆಗೆ ದಿನ ಕೊಟ್ಟರು. ಗುರುವಾರ ಬೆಳಿಗ್ಗೆ ಪರೀಕ್ಷೆ, ಸಂಜೆ ಆರಕ್ಕೆ ತಾನೇ ತೆರೆಯ ಮೇಲೆ ಬಂದು ಹೇಳುತ್ತೇನೆ ಎಂದು ಸುಧಾ ಭಾನುವಾರ ತಿಳಿಸಿದಳು. ಅಪ್ಪ ಅಮ್ಮ ಇಬ್ಬರಿಗೂ ಕಿವಿ ಕೇಳಿಸದು, ಅಂಥವರ ಕೂಸು. ಏನಾಗಬಹುದೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರೂ ಅದನ್ನೇ ಯೋಚಿಸುತ್ತಿದ್ದರು.

ಸೋಮವಾರ ಸಂಜೆ ಸುಮ್ಮನೆ ಒಮ್ಮೆ ನೋಡೋಣವೆಂದು ಹೋದೆ. ಲ್ಯಾಪ್‌ಟಾಪು ಹೊಸ ಗವುಸಿನಲ್ಲಿ ಕೂತಿತ್ತು. ಅಷ್ಟು ದಿನ ಹಳೆಯ ಟವೆಲ್ಲಿನಲ್ಲಿ ಸುತ್ತಿಡುತ್ತಿದ್ದುದಕ್ಕೆ ಹಿಂದಿನ ರಾತ್ರಿ ನಿದ್ದೆ ಬಾರದೆ ಸಿದ್ದಲಿಂಗಮ್ಮ ಗವುಸು ಹೊಲಿದಿದ್ದರು. ಹಸಿರು ರೇಷ್ಮೆ ತುಂಡು, ಸುತ್ತ ಕೆಂಪು ಪಟ್ಟಿ, ಬಾಯಿಗೆ ಎಲಾಸ್ಟಿಕ್ಕು. ಮದುವಣಗಿತ್ತಿಯ ಹಾಗೆ ಇತ್ತು. ಎಳೆದು ತೆಗೆದು, ಆನ್ ಮಾಡಿದೆ. ತೆರೆಯ ಕೆಳಮೂಲೆಯ ಪುಟ್ಟ ಚಿತ್ರದ ಮೇಲೆ ಕೆಂಪು ಅಡ್ಡಗೀಟು. ವೈಫೈ ಇಲ್ಲ.

"ಏನಾಯ್ತು ಮೇಷ್ಟ್ರೇ?"

"ಏನೂ ಇಲ್ಲ, ಎರಡು ನಿಮಿಷ," ಎಂದೆ. ಆ ಎರಡು ನಿಮಿಷ ಗುರುವಾರದವರೆಗೆ ಹೋಯಿತು.

ಮೊದಲು ನಮ್ಮ ಮನೆಗೆ ಹೋಗಿ ಡಬ್ಬ ಆಫ್ ಮಾಡಿ ಆನ್ ಮಾಡಿದೆ. ದೀಪಗಳೆಲ್ಲ ಸರಿಯಾಗಿ ಮಿನುಗುತ್ತಿದ್ದವು. ಲ್ಯಾಪ್‌ಟಾಪನ್ನೂ ಆಫ್ ಮಾಡಿ ಆನ್ ಮಾಡಿದೆ. ಅದು ಎಮ್ಮೆ ಏಳುವ ಹಾಗೆ ಹತ್ತು ನಿಮಿಷ ತೆಗೆದುಕೊಂಡು ಎದ್ದಿತು, ಅದೇ ಕೆಂಪು ಗೀಟು. ಅದನ್ನೇ ಎತ್ತಿಕೊಂಡು ಹೋಗಿ ಡಬ್ಬದ ಮಗ್ಗುಲಲ್ಲೇ ಇಟ್ಟೆ. ಗೀಟು ಹೋಗಲಿಲ್ಲ. ಮಂಗಳವಾರ ನಮ್ಮ ಜಾಲದ ಹೆಸರನ್ನು ಅಳಿಸಿ, ಹೊಸದಾಗಿ ಬರೆದು, ಪಾಸ್‌ವರ್ಡನ್ನು ಮೂರು ಸಲ ಹಾಕಿದೆ. ನಡುನಡುವೆ ತೆರೆಯ ಮೂಲೆಯಲ್ಲಿ ಇಂಗ್ಲಿಷಿನ ಒಂದು ಹಳದಿ ಚೀಟಿ ಏಳುತ್ತಿತ್ತು. ನೊಣ ಹೊಡೆದ ಹಾಗೆ ಅದನ್ನು ಮುಚ್ಚುತ್ತಿದ್ದೆ. ನನ್ನ ಕೆಲಸದ ನಡುವೆ ಅದಕ್ಕೇನು ಅವಸರ!

ಪ್ರತಿ ಸಂಜೆಯೂ ನಾನು ಸೋತು ಎದ್ದ ಮೇಲೆ ಸಿದ್ದಲಿಂಗಮ್ಮ ಲ್ಯಾಪ್‌ಟಾಪನ್ನು ಒರೆಸಿ, ಜೋಪಾನವಾಗಿ ಗವುಸಿಗೆ ತೂರಿಸಿ ಇಡುತ್ತಿದ್ದರು.

ಬುಧವಾರ ಅದನ್ನು ಬಸ್ ನಿಲ್ದಾಣದ ಹತ್ತಿರ ಬ್ರೌಸಿಂಗ್ ಸೆಂಟರ್ ಇಟ್ಟಿದ್ದ ಧರ್ಮೇಂದ್ರನ ಹತ್ತಿರ ಒಯ್ದೆ. ಅವನು ಮೇಲಿಂದ ಕೆಳಗೆ ನೋಡಿ, "ಒಳಗಿನ ಕಾರ್ಡು ಹೋಗದೆ ಸಾ. ಹಳೇದು, ಮೈಸೂರಿಂದ ತರಿಸ್ಬೇಕು. ಒಂದ್ವಾರ ಬುಟ್ಟೋಗಿ," ಎಂದ.

"ನಾಳೆ ಸಂಜೆಗೆ ಬೇಕಪ್ಪ."

"ಅಂಗಾರೆ ಅವ್ರನ್ನ ಇಲ್ಲಿಗೇ ಕರ್ಕೊಂಡ್ಬನ್ನಿ, ಒಂದು ಕ್ಯಾಬಿನ್ ಕೊಡ್ತೀನಿ."

ಶಾಲೆಯ ಕಂಪ್ಯೂಟರುಗಳಿಗೆ ಇಂಟರ್‌ನೆಟ್ ಇರಲಿಲ್ಲ, ಇದೂ ಆಗದ ಮಾತು. ಹಿಂದೊಮ್ಮೆ ನಮ್ಮ ಬೀದಿಯಲ್ಲಿ ಕರೆಂಟಿಲ್ಲದಾಗ ಅಲ್ಲಿಗೆ ಹೋಗಿದ್ದೆವು. ಕ್ಯಾಬಿನ್ನು ಎಷ್ಟು ಇಕ್ಕಟ್ಟೆಂದರೆ ಮುಖ ಮಾತ್ರ ಹಿಡಿಸುತ್ತದೆ. ಸಿದ್ದಲಿಂಗಮ್ಮ ಚುಂಚನಕಟ್ಟೆ ಎನ್ನಲು ಹೋಗಿ ಎರಡೂ ಮೊಣಕೈಯನ್ನು ಹಲಗೆಗೆ ಬಡಿದುಕೊಂಡಿದ್ದರು. ಅಕ್ಕಪಕ್ಕದವರೆಲ್ಲ ಎದ್ದು ನಿಂತು ಇಣುಕಿದ್ದರು.

ಲ್ಯಾಪ್‌ಟಾಪನ್ನು ವಾಪಸು ತಂದು ಅವರ ಜಗಲಿಯಲ್ಲಿ ಕೂತೆ. ನನಗೆ ಸಿಟ್ಟು ನೆತ್ತಿಗೇರಿತ್ತು.

"ಅಕ್ಕಾ, ಬಿಡಿ ಇದನ್ನ. ಸುಧಾಗೆ ಹೇಳ್ತೀನಿ, ನನ್ನ ಮೊಬೈಲಿಗೆ ಮೆಸೇಜ್ ಮಾಡ್ಲಿ. ಬಂದ ತಕ್ಷಣ ಓಡಿ ಬಂದು ನಿಮಗೆ ಓದಿ ಹೇಳ್ತೀನಿ. ಸುದ್ದಿ ಸುದ್ದಿ ತಾನೇ?"

"ಬ್ಯಾಡಿ."

"ಯಾಕೆ ಬೇಡ? ನಾನೇನು ಸುಳ್ಳು ಓದ್ತೀನಾ?"

ಅವರು ನನ್ನ ಪಕ್ಕದಲ್ಲಿ ಕೂತರು. "ಅವತ್ತು ಬಸ್ನಲ್ಲಿ ಬ್ಯಾರೆಯೋರ ಬಾಯಿಂದ ಕೇಳ್ದೆ ಮೇಷ್ಟ್ರೇ. ಡಾಕ್ಟ್ರು ಎಂಗೆ ಹೇಳುದ್ರು, ಮೊಕ ಎಂಗಿತ್ತು, ಏನೂ ಕಾಣ್ನಿಲ್ಲ. ಈ ಸಲ ನನ್ ಮಗಳ ಕೈಯಿಂದ್ಲೇ ನೋಡ್ಬೇಕು. ಒಳ್ಳೇದಾದ್ರೆ ಒಳ್ಳೇದು. ಆಗ್ದಿದ್ರೆ ಆ ಗಳಿಗೇಲಿ ಅವಳ ಕಣ್ ಮುಂದೆ ನಾನಿರ್ಬೇಕು. ನೀವ್ ಓದ್ಬುಟ್ರೆ ಇಲ್ಲಿ ನಾನೊಬ್ಳೇ ಅಳ್ತೀನಿ, ಅಲ್ಲಿ ಅವಳೊಬ್ಳೇ ಅಳ್ತಾಳೆ."

ಸೆರಗಿನ ಅಂಚು ಸವರುತ್ತ ಮತ್ತೆ ಹೇಳಿದರು. "ಬಾಣಂತನಕ್ಕೆ ಹೋಗಿದ್ನಲ್ಲ, ಅಲ್ಲಿ ಒಂದಿನ ಬೇಕಂತ್ಲೇ ತಟ್ಟೆ ಬೀಳಿಸ್ದೆ. ಕೂಸು ಮನಗಿತ್ತು. ಕದಲ್ನಿಲ್ಲ. ಎರಡ್ನೇ ಸಲ ಬೀಳ್ಸೋಕೆ ನಂಗೆ ಧೈರ್ಯ ಬರ್ನಿಲ್ಲ ಕಣ್ರೀ."

ಮೂರು ತಿಂಗಳು ಇದನ್ನು ಒಳಗಿಟ್ಟುಕೊಂಡು ಈ ಹೆಂಗಸು ಊರಿನ ಮಿಕ್ಸಿಗಳಿಗೆ ಗವುಸು ಹೊಲಿಯುತ್ತಿದ್ದರು. ನನಗೆ ನನ್ನ ಸಿಟ್ಟಿನ ಬಗ್ಗೆ ನಾಚಿಕೆಯಾಯಿತು. ನಾಚಿಕೆಯಿಂದ ವೈಫೈ ಬರುವುದಿಲ್ಲವಲ್ಲ, ಎದ್ದು ಮನೆಗೆ ಹೋದೆ.

ಗುರುವಾರ ಕೊನೆಯ ಪಿರಿಯಡ್ಡನ್ನು ಬೇರೆಯವರಿಗೆ ಒಪ್ಪಿಸಿ ನಾಲ್ಕೂವರೆಗೇ ಬಂದೆ. ಸಿದ್ದಲಿಂಗಮ್ಮ ಆಗಲೇ ನೀಲಿ ಸೀರೆ ಉಟ್ಟಿದ್ದರು. ವೈಫೈ ಬರುವುದೋ ಇಲ್ಲವೋ, ಸೀರೆ ಮಾತ್ರ ಉಟ್ಟಾಗಿತ್ತು. ನಾನು ಮತ್ತೆ ಅದೇ ಆಫ್, ಅದೇ ಆನ್, ಅದೇ ಪಾಸ್‌ವರ್ಡು. ಐದೂಕಾಲಾಯಿತು, ಐದೂವರೆಯಾಯಿತು. ಹಳದಿ ಚೀಟಿ ಎದ್ದಿತು, ಮುಚ್ಚಿದೆ. ಕೊನೆಗೆ ಲ್ಯಾಪ್‌ಟಾಪನ್ನು ಅವರ ಮಡಿಲಿಗೆ ದೂಡಿ, "ಆಗಲ್ಲ ಅಕ್ಕಾ, ನನ್ನ ಕೈಲಿ ಆಗಲ್ಲ," ಎಂದುಬಿಟ್ಟೆ.

ಅವರು ಅದನ್ನು ಮಡಿಲಲ್ಲಿಟ್ಟುಕೊಂಡು, ಬಟ್ಟೆಯ ಅಂಚು ನೋಡುವವರ ಹಾಗೆ ಸುತ್ತಲೂ ಬೆರಳಾಡಿಸಿದರು. ಅದು ಅವರ ಅಭ್ಯಾಸ, ಯಾವ ಸಾಮಾನು ಕೈಗೆ ಬಂದರೂ ಮೊದಲು ಅಂಚು ಸವರಬೇಕು. ಮುಂದಿನ ಅಂಚಿನ ಎಡಗಡೆ ಬೆರಳು ನಿಂತಿತು.

"ಇಲ್ಲೇನೋ ಕೆಂಪು ನೂಲು ಸಿಕ್ಕೊಂಡದೆ, ಮೇಷ್ಟ್ರೇ."

"ಇರ್ಲಿ ಬಿಡಿ."

"ನನ್ ಗವುಸಿಂದೇ ನೂಲು. ಒಂದು ಸಣ್ಣ ಗುಂಡಿ ಅದೆ ಇಲ್ಲಿ, ಅಕ್ಕಿಕಾಳಷ್ಟು. ಅದ್ರ ಸಂದೀಲಿ ಸಿಕ್ಕೊಂಡದೆ." ಹೇಳುತ್ತಲೇ ಉಗುರಿನಿಂದ ನೂಲನ್ನು ಬಿಡಿಸಿದರು. ಗುಂಡಿಯನ್ನು ಆ ಕಡೆ ಈ ಕಡೆ ಆಡಿಸಿದರು. ಟಿಕ್ ಎಂದಿತು. ಅಂಚಿನಲ್ಲಿ ಒಂದು ನೀಲಿ ದೀಪ ಹತ್ತಿಕೊಂಡಿತು.

ತೆರೆಯ ಮೂಲೆಯ ಕೆಂಪು ಗೀಟು ಮಾಯವಾಯಿತು. ನಮ್ಮ ಜಾಲದ ಹೆಸರು ತಾನಾಗಿ ಬಂದು ಕೂತಿತು.

ನಾನು ಅವರ ಕೈಯಿಂದ ಇಸಿದುಕೊಂಡು ಆ ಗುಂಡಿಯನ್ನು ಮತ್ತೆ ಎಡಕ್ಕೆ ದೂಡಿದೆ. ದೀಪ ಆರಿತು, ಹಳದಿ ಚೀಟಿ ಎದ್ದಿತು. ಈ ಸಲ ಓದಿದೆ. ವೈಫೈ ಸ್ವಿಚ್ಚು ಆಫ್ ಆಗಿದೆ, ಯಂತ್ರದ ಅಂಚಿನಲ್ಲಿರುವ ಸ್ವಿಚ್ಚು ನೋಡಿ ಎಂದು ಅದು ನಾಲ್ಕು ದಿನದಿಂದ ನನಗೆ ಹೇಳುತ್ತಲೇ ಇತ್ತು. ಪ್ರಶ್ನೆಯನ್ನು ಪೂರ್ತಿ ಓದದೆ ಉತ್ತರ ಬರೆಯಬೇಡಿ ಎಂದು ಇಪ್ಪತ್ತು ವರ್ಷ ಮಕ್ಕಳ ಕಿವಿ ಹಿಂಡಿದವನು ನಾನು!

ಗವುಸನ್ನು ಹಾಕಿ ನೋಡಿದೆವು. ಬಾಯಿಯ ಎಲಾಸ್ಟಿಕ್ಕು ಬಿಗಿ. ತೂರಿಸುವಾಗ ಕೆಂಪು ಪಟ್ಟಿ ಸ್ವಿಚ್ಚನ್ನು ಹಿಡಿದು ಎಡಕ್ಕೆ ಎಳೆಯುತ್ತಿತ್ತು, ತೆಗೆಯುವಾಗ ಬಲಕ್ಕೆ ತಳ್ಳುತ್ತಿರಲಿಲ್ಲ. ಒಂದು ಸಲ ತೂರಿಸಿದ್ದೇ ಸಾಕಾಗಿತ್ತು. ಸಿದ್ದಲಿಂಗಮ್ಮ ಗವುಸನ್ನು ತಿರುಗಿಸಿ ತಿರುಗಿಸಿ ನೋಡಿದರು.

"ನಾನೇ ಮುಚ್ಚಿದ್ನಾ?" ಎಂದರು. ಆಮೇಲೆ ಕತ್ತರಿ ತೆಗೆದುಕೊಂಡು, ರೇಷ್ಮೆಯೆಂದೂ ನೋಡದೆ ಆ ಜಾಗಕ್ಕೆ ಒಂದು ಕಚ್ಚು ಹಾಕಿದರು. "ಇಲ್ಲೊಂದು ಕಾಜ ಹೊಲಿದ್ರಾಯ್ತು ಬುಡಿ. ಟೇಮೆಷ್ಟು?"

ಆರಕ್ಕೆ ಎಂಟು ನಿಮಿಷ ಇತ್ತು. ಕ್ಯಾಮೆರಾ ಸಿಕ್ಕಿಸಿದೆ. ಅವರು ಸೆರಗು ಸರಿಮಾಡಿಕೊಂಡು, ಕೈಗಳನ್ನು ತೊಡೆಯ ಮೇಲಿಟ್ಟು ಕೂತರು.

ಸುಧಾ ಆರು ಗಂಟೆಗೆ ಸರಿಯಾಗಿ ಬಂದಳು. ಹಿಂದೆ ಶಶಿಕುಮಾರ, ಅವನ ತೋಳಿನಲ್ಲಿ ಕೂಸು. ಮುಖ ನೋಡಿದರೆ ಏನೂ ತಿಳಿಯುವಂತಿರಲಿಲ್ಲ, ಚಿತ್ರ ಅಷ್ಟು ಮಸುಕು. ಅವಳು ಕೂಸನ್ನು ತೋರಿಸಿದಳು. ಬೆರಳಿನಿಂದ ಕಿವಿ ಮುಟ್ಟಿದಳು. ಚಿತ್ರ ಅಲ್ಲೇ ನಿಂತಿತು. ದೇವರೇ, ಎಂಥ ಜಾಗದಲ್ಲಿ ನಿಂತಿತು! ಮತ್ತೆ ಕದಲಿದಾಗ ಅವಳ ಬೆರಳುಗಳು ಕಿವಿಯ ಹತ್ತಿರ ಮೊಗ್ಗಿನಂತೆ ಕೂಡಿದ್ದವು, ಆಮೇಲೆ ಬಿಚ್ಚಿಕೊಂಡವು. ಮೂರು ಸಲ ಬಿಚ್ಚಿದಳು.

ಕೇಳಿಸುತ್ತದೆ.

ಸಿದ್ದಲಿಂಗಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತರು. ನಾನೂ ಕನ್ನಡಕ ತೆಗೆದು ಒರೆಸಿಕೊಂಡೆ, ಅದರಲ್ಲಿ ಮುಚ್ಚುಮರೆಯೇನಿಲ್ಲ.

ಆದರೆ ಸುಧಾ ನಗುತ್ತಿರಲಿಲ್ಲ. ಅಮ್ಮ ಕಣ್ಣೊರೆಸಿಕೊಳ್ಳುವವರೆಗೆ ಕಾದು, ನಿಧಾನವಾಗಿ ಕೈಯಾಡಿಸಿದಳು. ನನಗೆ ಅರ್ಧ ತಿಳಿಯಿತು, ಮಿಕ್ಕಿದ್ದನ್ನು ಸಿದ್ದಲಿಂಗಮ್ಮ ನನಗೆ ಹೇಳುತ್ತಾ ಹೋದರು. "ಮನೇಲಿ ಬಾಯಿಲ್ಲ ಅಂತವ್ಳೆ. ಅವನ್ಗಿಲ್ಲ, ತನಗಿಲ್ಲ. ಕೂಸಿಗೆ ಕಿವಿ ಅದೆ, ಕೇಳಕ್ಕೆ ಮಾತಿಲ್ಲ. ಮಾತಾಡ್ತಾ ಇರ್ಬೇಕು, ಇಲ್ದಿದ್ರೆ ಕಲಿಯಕ್ಕಿಲ್ಲ ಅಂದ್ರಂತೆ ಡಾಕ್ಟ್ರು." ಅಷ್ಟರಲ್ಲಿ ಸುಧಾ ಮೇಜಿನ ಮೇಲಿಂದ ಒಂದು ಪುಟ್ಟ ಸ್ಪೀಕರ್ ಡಬ್ಬ ಎತ್ತಿ ತೋರಿಸಿದಳು. ಹೊಸದು, ಮೇಲಿನ ಪ್ಲಾಸ್ಟಿಕ್ ಚೀಲವನ್ನೂ ತೆಗೆದಿರಲಿಲ್ಲ. ಆಮೇಲೆ ಅಮ್ಮನ ಕಡೆ ಬೆರಳು ಮಾಡಿ, ತನ್ನ ತುಟಿ ಮುಟ್ಟಿಕೊಂಡಳು.

ಸಿದ್ದಲಿಂಗಮ್ಮ ಆಗಲಿ ಎಂದು ಕೈಯೆತ್ತಿದರು. ಸುಧಾ ತಲೆಯಾಡಿಸಿದಳು. ಕೈ ಬೇಡ. ಮತ್ತೆ ತುಟಿ ಮುಟ್ಟಿದಳು.

ಸದ್ದು ನಿಲ್ಲಿಸಿದರೆ ಚಿತ್ರ ಚುರುಕಾಗಿ ಬರುತ್ತದೆಂದು ನಾನು ಒಂದೂವರೆ ವರ್ಷದಿಂದ ಈ ಕಡೆಯ ಮೈಕನ್ನು ಮುಚ್ಚಿಟ್ಟಿದ್ದೆ. ಈಗ ತೆರೆದೆ. "ಮಾತಾಡಿ ಅಕ್ಕಾ, ಕೇಳ್ಸುತ್ತೆ," ಎಂದೆ.

ಬೀದಿಯ ಆ ತುದಿಯ ಸೊಪ್ಪಿನವಳನ್ನು ಈ ತುದಿಯಿಂದ ಕೂಗಿ ನಿಲ್ಲಿಸುವ ಹೆಂಗಸು ನನ್ನ ಕಡೆ ತಿರುಗಿ, ಪಿಸುಮಾತಿನಲ್ಲಿ ಕೇಳಿದರು. "ಏನಂತ ಮಾತಾಡ್ಲಿ ಮೇಷ್ಟ್ರೇ? ಮಗೀಗೆ ಬಾಯಲ್ಲಿ ಮಾತಾಡಿ ನಂಗೆ ಅಭ್ಯಾಸ್ವೇ ಇಲ್ವಲ್ಲ."

ನಾನು ತೆರೆಯ ಮೇಲಿನ ಕೂಸಿನ ಕಡೆ ಬೆರಳು ಮಾಡಿದೆ.

ಅವರು ತೆರೆಯ ಹತ್ತಿರ ಬಗ್ಗಿದರು. "ಪುಟ್ಟೀ," ಎಂದರು. ಆಮೇಲೆ ಸ್ವಲ್ಪ ಜೋರಾಗಿ, "ಪುಟ್ಟೀ... ಪುಟ್ಟವ್ವಾ..."

ಕೂಸು ತಲೆ ತಿರುಗಿಸಿತು. ತೆರೆಯ ಕಡೆಗಲ್ಲ, ಆ ಪುಟ್ಟ ಡಬ್ಬದ ಕಡೆಗೆ.

ಸುಧಾ ಅದನ್ನು ನೋಡಿದಳು. ಕೂಸನ್ನು ನೋಡಿದಳು, ಡಬ್ಬವನ್ನು ನೋಡಿದಳು. ಮೇಲಿನ ಪ್ಲಾಸ್ಟಿಕ್ಕನ್ನು ಹರಿದು, ಸದ್ದಿಗೆ ಅದುರುವ ಡಬ್ಬದ ಮೇಲೆ ಅಂಗೈ ಇಟ್ಟಳು. ಇನ್ನೊಂದು ಕೈಯಿಂದ ಕೇಳಿದಳು, ಇದು ನೀನಾ?

"ನಾನೇ ಕಣವ್ವ," ಎಂದರು ಸಿದ್ದಲಿಂಗಮ್ಮ, ಕೈಯಲ್ಲೂ ಬಾಯಲ್ಲೂ. "ನಾನೇ ಕಣೆ ಸುಧಾ, ನಾನೇ." ಮಗಳ ಹೆಸರನ್ನು ಅವರು ಬಾಯಿಬಿಟ್ಟು ಕರೆದದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಅಲ್ಲಿಂದ ಮುಂದೆ ಅವರು ಏನೇನು ಮಾತಾಡಿದರೋ, ಗದ್ದೆಯ ನಾಟಿ, ಬೀದಿಯ ಸುದ್ದಿ, ರಮ್ಯಾ ಮಾಡಿದ ಸಾರು, ಬಾಯಿಗೆ ಬಂದದ್ದೆಲ್ಲ. ಆರೂವರೆ ದಾಟಿತು, ಚಿತ್ರ ಎಷ್ಟೋ ಸಲ ನಿಂತು ಮತ್ತೆ ನಡೆಯಿತು. ಸುಧಾ ಡಬ್ಬದ ಮೇಲಿನ ಕೈ ತೆಗೆಯಲಿಲ್ಲ.